ಮುಸುಕಿನ ಒಳಗಿನ ಘಮ

ಎಯಿ, ಅವಾಜಿ ದ್ವೀಪ.
2019ರ ನವೆಂಬರ್ 16, ಶನಿವಾರ, ಮಧ್ಯಾಹ್ನ. ಬೆಳಗಿನಿಂದ ಪಶ್ಚಿಮದ ಗಾಳಿ. ಊದುಬತ್ತಿಯ ಒಣಗುಮನೆಯ ಹಲಗೆ ಕಿಟಕಿಗಳನ್ನು ಅರ್ಧ ತೆರೆದು ಬಂದಿದ್ದೇನೆ. ಅತ್ತೆ ಬೀದಿಯವರಿಗೆಲ್ಲ ಸುದ್ದಿ ಹೇಳಲು ಹೋಗಿದ್ದಾರೆ. ಮನೆಯಲ್ಲಿ ನಾನೊಬ್ಬಳೇ.

ಇಸಾಮು ಅವರೇ,

ನಿನ್ನೆ ಒಸಾಕಾದಲ್ಲಿ ನಾವು ಗೆದ್ದೆವು.

ನಾವು ಎಂದು ಬರೆದದ್ದು ಕೈತಪ್ಪಿನಿಂದಲ್ಲ. ಗೆದ್ದದ್ದು ಗಂಡಸರಿಗಾಗಿ ನಾನು ಮಾಡಿದ ಒಂದು ಸುಗಂಧ. ಬರುವ ವಸಂತದಲ್ಲಿ ಅದು ಅಂಗಡಿಗಳಿಗೆ ಹೋಗುತ್ತದೆ. ಅದರಲ್ಲಿ ನಿಮ್ಮ ಪಾಲು ದೊಡ್ಡದು, ಆದರೆ ಅದು ನಿಮಗೆ ಗೊತ್ತಿಲ್ಲ. ಕಪ್ಪು ಮುಸುಕು ಹಾಕಿಕೊಂಡು, ಮೂವರು ಸೇರಿ ಆಡಿಸುವ ಗೊಂಬೆಯ ಎಡಗೈಯನ್ನಷ್ಟೇ ಹಿಡಿದು ಆಟ ಗೆಲ್ಲಿಸುವುದು ನಿಮಗೆ ಹೊಸದಲ್ಲ. ಈ ಸಲ ಮಾತ್ರ ಆಟ ನಡೆದದ್ದೇ ನಿಮಗೆ ತಿಳಿಯಲಿಲ್ಲ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ನನಗೆ ಬಾಯಲ್ಲಿ ಹೇಳಲು ಬರುವುದಿಲ್ಲ, ನಿಮಗೂ ಬರುವುದಿಲ್ಲ, ಒಬ್ಬರಾದರೂ ಬರೆಯಬೇಕು.

ಫೆಬ್ರವರಿಯಲ್ಲಿ ಒಸಾಕಾದ ಒಂದು ಕಂಪನಿಯಿಂದ ನಿಶಿಗಾಕಿ ಎಂಬ ಯುವಕ ಬಂದ. ಗಂಡಸರ ಸಾಬೂನು, ತಲೆಗೆ ಹಚ್ಚುವ ಎಣ್ಣೆ ಇತ್ಯಾದಿ ಮಾಡುವ ಕಂಪನಿ. ನಮ್ಮ ಮುಂದಿನ ಕೋಣೆಯ ಚಾಪೆಯ ಮೇಲೆ ಅವನು ಒಂದು ದೊಡ್ಡ ಚಿತ್ರ ಬಿಡಿಸಿಟ್ಟ. ಕಡಲ ಅಂಚಿನ ಬಂಡೆಯ ಮೇಲೆ ಒಬ್ಬ ಗಂಡಸು ನಿಂತಿದ್ದಾನೆ. ಅವನ ಕೋಟು ಗಾಳಿಗೆ ಹಾರುತ್ತಿದೆ. ಅವನು ಯಾರನ್ನೂ ನೋಡುತ್ತಿಲ್ಲ. ನಿಶಿಗಾಕಿ ಹೇಳಿದ, "ಇವನು ಎಲ್ಲರಿಗಿಂತ ಮುಂದೆ ನಡೆಯೋ ಗಂಡಸು. ಮರದ ಘಮ ಬೇಕು, ಸೊಪ್ಪು-ಮೂಲಿಕೆಯ ಚುರುಕೂ ಬೇಕು. ಲಿಫ್ಟಿನಲ್ಲಿ ಪಕ್ಕದವರಿಗೆ ತೊಂದರೆ ಆಗಬಾರದು. ಆದ್ರೆ ಅವನು ಒಳಗೆ ಬಂದದ್ದು ಎಲ್ಲರಿಗೂ ಗೊತ್ತಾಗಬೇಕು."

ಚಹಾ ಬಗ್ಗಿಸುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು, "ಹಾಗಾದ್ರೆ ಅವನ ಕೊರಳಿಗೆ ಒಂದು ಗಂಟೆ ಕಟ್ಟಿಬಿಡಪ್ಪ. ಸುಗಂಧ ಯಾಕೆ?"

ನಾನು ಒಪ್ಪಿಕೊಂಡೆ. ಟೋಕಿಯೋದ ಒಂದು ಹೆಸರಾಂತ ಸುಗಂಧ ಸಂಸ್ಥೆಯೂ ಸ್ಪರ್ಧೆಯಲ್ಲಿದೆ, ಕೊನೆಯ ತೀರ್ಪು ಬೀದಿಯಿಂದ ಕರೆತಂದ ಸಾಮಾನ್ಯ ಜನರದ್ದು ಎಂದು ಅವನು ಹೇಳಿದ ಮೇಲೂ ಒಪ್ಪಿಕೊಂಡೆ. ಅದರ ಕಾರಣವನ್ನು ನಾನು ಆಗ ಯಾರಿಗೂ ಹೇಳಲಿಲ್ಲ. ಮದುವೆಗೆ ಮುಂಚೆ ನಾನು ಕೋಬೆಯ ಪ್ರಯೋಗಾಲಯದಲ್ಲಿ ಸುಗಂಧದ ಕೆಲಸ ಕಲಿತವಳು. ತೆತ್ಸುಯಾನ ಹೆಂಡತಿಯಾಗಿ ಈ ಮನೆಗೆ ಬಂದ ಮೇಲೆ ಊದುಬತ್ತಿ ಮಾಡುವವಳಾದೆ. ನೀವು ನೋಡಿದ್ದೀರಿ: ಕಡ್ಡಿಯಿಲ್ಲದ, ಬರಿಯ ಪುಡಿಯನ್ನು ಕಲಸಿ ಎಳೆದು ಒಣಗಿಸಿದ ನಮ್ಮ ಬತ್ತಿಗಳು. ಅವಕ್ಕೆ ಹೆಸರುಗಳು ಹಲವು, ಹಚ್ಚುವ ಜಾಗ ಒಂದೇ, ಮನೆಮನೆಯ ಬುದ್ಧಪೀಠದ ಮುಂದೆ. ನಾವು ಮಾಡುವುದೆಲ್ಲ ಸತ್ತವರಿಗೆ. ಆಮೇಲೆ ತೆತ್ಸುಯಾನೂ ಆ ಪೀಠದಲ್ಲಿ ಒಂದು ಚಿತ್ರಪಟವಾದ. ಅವನಿಗಾಗಿ ನಾನೇ ಒಂದು ಬತ್ತಿ ಮಾಡಿದೆ, ಪ್ರತಿ ಬೆಳಿಗ್ಗೆ ಹಚ್ಚುತ್ತಾ ಬಂದೆ. ಬದುಕಿರುವ ಒಬ್ಬ ಗಂಡಸಿನ ಘಮ ನನ್ನ ಕೈಯಿಂದ ಇನ್ನು ಆಗುತ್ತದೆಯೇ? ನನಗೆ ತಿಳಿಯಬೇಕಾಗಿದ್ದದ್ದು ಅಷ್ಟೇ. ಆಗದಿದ್ದರೆ, ಆಗುವುದಿಲ್ಲ ಎಂದು ತಿಳಿದುಕೊಂಡು ಸುಮ್ಮನಿರಬಹುದಾಗಿತ್ತು.

ಮೊದಲ ಮಾದರಿಯನ್ನು ಏಪ್ರಿಲ್‌ನಲ್ಲಿ ಕೊಟ್ಟೆ. ಮರದ ಘಮ ಎಂದ ಕೂಡಲೇ ನನ್ನ ಕೈ ತಾನಾಗಿ ಹೋಗುವ ಡಬ್ಬಿಗಳಿವೆ. ಮೈಸೂರಿನ ಹಳೆಯ ಶ್ರೀಗಂಧ, ನಮ್ಮೂರಿನವರು ರೋಜಾನ್ ಎಂದು ಕರೆದು ಬೀರುವಿನಲ್ಲಿ ಬೀಗ ಹಾಕಿಡುವುದು. ಲವಂಗ. ದಾಲ್ಚಿನ್ನಿ. ಪಚ್ಚಕರ್ಪೂರ. ಎಲ್ಲವೂ ಶ್ರೇಷ್ಠ ದರ್ಜೆಯವು, ಅಳತೆಯಲ್ಲಿ ಒಂದು ಹನಿಯ ತಪ್ಪಿರಲಿಲ್ಲ. ನಿಶಿಗಾಕಿ ಸುಗಂಧ ಅದ್ದಿದ ಕಾಗದದ ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದ. ಕಣ್ಣು ಮುಚ್ಚಿದ. ಆಮೇಲೆ ತನಗೇ ತಿಳಿಯದಂತೆ ಎರಡೂ ಕೈ ಜೋಡಿಸಿ ತಲೆ ಬಾಗಿಸಿದ.

ಕಣ್ಣು ಬಿಟ್ಟು, ತನ್ನ ಕೈಗಳನ್ನು ತಾನೇ ನೋಡಿ ನಾಚಿ ಹೇಳಿದ, "ಕ್ಷಮಿಸಿ. ಅಜ್ಜಿ ನೆನಪಾಯ್ತು. ಅವರು ಹೋಗಿ ಸ್ವಲ್ಪ ವರ್ಷ ಆಯ್ತು."

ಅವನು ಹೋಗುವ ತನಕ ತಡೆದುಕೊಂಡಿದ್ದ ಅತ್ತೆ ಆಮೇಲೆ ಕಣ್ಣೀರು ಬರುವಷ್ಟು ನಕ್ಕರು. "ನಿನ್ನ ಗಂಡಸು ಎಲ್ಲರಿಗಿಂತ ಮುಂದೆ ಹೋಗ್ತಾನೆ, ನಿಜ ಕಣೇ ನಮಿಯೆ. ಶವದ ಗಾಡಿಯಲ್ಲಿ."

ಇದು ಟೋಕಿಯೋದವರು ಮಾಡುವ ತಪ್ಪಲ್ಲ. ನಮ್ಮ ಬೀದಿಯಲ್ಲಿ ಹುಟ್ಟಿಬೆಳೆಯುವ ತಪ್ಪು. ನಮ್ಮ ಮೂಗಿಗೆ ಲವಂಗ ಮತ್ತು ಗಂಧ ಸೇರಿದರೆ ಅದು ಬೆಲೆಬಾಳುವ ಸರಕು. ದೇಶದ ಉಳಿದವರ ಮೂಗಿಗೆ ಅದು ಅಜ್ಜನ ಫೋಟೋ. ಅದನ್ನು ನಾನು ಮರೆತೇಬಿಟ್ಟಿದ್ದೆ. ಮೂಗಿನ ತಪ್ಪನ್ನು ತಿದ್ದಬಹುದು. ಆದರೆ ಬದುಕಿರುವವನನ್ನು ಮಾಡಲು ಹೊರಟ ಕೈ ತಾನಾಗಿ ಸತ್ತವನನ್ನು ಮಾಡಿತ್ತಲ್ಲ, ಅದನ್ನು ಹೇಗೆ ತಿದ್ದುವುದು?

ಎರಡನೆಯ ಸಲ ಚಿತ್ರದಲ್ಲಿದ್ದವನನ್ನೇ ಮಾಡಲು ಹೋದೆ. ಮೆಣಸು, ಚರ್ಮ, ಹೊಗೆ, ದೇವದಾರು, ಎಲ್ಲವೂ ಜೋರು. ಅವನು ಬಾಗಿಲನ್ನು ಒದ್ದು ಒಳಗೆ ಬರುತ್ತಿದ್ದ. ಅತ್ತೆ ಪಟ್ಟಿಯನ್ನು ಮೂಸಿ ದೂರ ಹಿಡಿದು ಹೇಳಿದರು, "ಇವನು ಊಟದ ಮಧ್ಯೆ ಫೋನಿನಲ್ಲಿ ಮಾತಾಡೋನು. ಮೀನಿನ ಮುಳ್ಳನ್ನ ತಟ್ಟೆ ತುಂಬ ಹರಡೋನು." ನಾನು ಆ ಬಾಟಲಿಯನ್ನು ನಿಶಿಗಾಕಿಗೆ ತೋರಿಸಲೇ ಇಲ್ಲ. ನನಗೇ ಅವನ ಮೇಲೆ ನಂಬಿಕೆ ಹುಟ್ಟಿರಲಿಲ್ಲ.

ಜುಲೈ ಕೊನೆಯಲ್ಲಿ ಫುಕುರಾದ ನಿಮ್ಮ ರಂಗಮಂದಿರಕ್ಕೆ ಬಂದೆ. ಗೊಂಬೆಗಳ ಉಡುಪನ್ನು ಗಾಳಿಗೆ ಹಾಕುವ ದಿನ, ಎಂದಿನಂತೆ, ಹುಳ ಬೀಳದಂತೆ ಪೆಟ್ಟಿಗೆಗಳಲ್ಲಿ ಇಡುವ ಘಮದ ಚೀಲಗಳನ್ನು ತಲುಪಿಸಲು. ರಂಗದ ಉದ್ದಕ್ಕೂ ಹಗ್ಗಗಳು, ಹಗ್ಗಗಳ ಮೇಲೆ ರಾಣಿಯರು, ಸನ್ಯಾಸಿಗಳು, ಸೇನಾಪತಿಗಳು, ತಲೆಯಿಲ್ಲದೆ, ತೋಳು ಚಾಚಿಕೊಂಡು. ನೀವು ಒಂದು ಮೂಲೆಯಲ್ಲಿ ಕೂತು ಯೋಧನ ಎಡತೋಳಿನ ಅಂಚು ಹೊಲಿಯುತ್ತಿದ್ದಿರಿ. ನನ್ನನ್ನು ನೋಡಿ ಎದ್ದು, ಚೀಲಗಳ ಪೆಟ್ಟಿಗೆಯನ್ನು ಇಸಿದುಕೊಂಡು, ಮತ್ತೆ ಕೂತು ಹೊಲಿಗೆ ಮುಂದುವರಿಸಿದಿರಿ. ನಾವು ಇಷ್ಟು ವರ್ಷ ಮಾತಾಡಿದ್ದೆಲ್ಲ ಈ ಬಗೆಯದೇ.

ಆ ಯೋಧನ ಆಟವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮಗ ಸತ್ತ ಸುದ್ದಿ ಬಂದಾಗ ಅವನು ಅಳುವುದಿಲ್ಲ. ಎಡಗೈ ಮೆಲ್ಲಗೆ ಮೇಲೇರಿ ಹಣೆಯ ಹತ್ತಿರ ಬಂದು, ಮುಟ್ಟದೆ ನಿಲ್ಲುತ್ತದೆ. ಆಗ ಜನ ಅಳುತ್ತಾರೆ. ಮುಖ ನೋಡಿ ಅಳು ಬಂತು ಅಂದುಕೊಂಡು ಮನೆಗೆ ಹೋಗುತ್ತಾರೆ. ಅದು ಮರದ ಮುಖ, ಬದಲಾಗುವುದಿಲ್ಲ. ಅಳಿಸಿದ್ದು ಕೈ. ಚಪ್ಪಾಳೆ ಬಿದ್ದಾಗ ಗೊಂಬೆಯ ತಲೆ ಹಿಡಿದ ಮುಖ್ಯ ಆಟಗಾರರು ಬಾಗುತ್ತಾರೆ; ನೀವು ಮುಸುಕಿನೊಳಗೇ ಇರುತ್ತೀರಿ. ತಲೆ ಹಿಡಿಯುವ ಸ್ಥಾನ ಖಾಲಿಯಾದಾಗ ನಿಮ್ಮನ್ನು ಕರೆದರೆಂದೂ, ನೀವು ಬೇಡವೆಂದಿರೆಂದೂ ಕೇಳಿದ್ದೇನೆ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ ನೀವು ಹೇಳಿದ್ದು ನೆನಪಿದೆ: "ಎಡಗೈ ಚೆನ್ನಾಗಿ ಬರೋಕೆ ಈಗ ಶುರುವಾಗಿದೆ. ಈಗ ಬಿಟ್ಟರೆ ಹೇಗೆ?"

ಅಂದು ಯಾರೋ ನಿಮ್ಮನ್ನು ಒಳಗಿನಿಂದ ಕರೆದರು. ಹೆಗಲ ಮೇಲಿದ್ದ ಮುಸುಕನ್ನು ತೆಗೆದು ನನ್ನ ಕೈಗೆ ಕೊಟ್ಟಿರಿ. "ಸ್ವಲ್ಪ ಹಿಡ್ಕೊಳ್ಳಿ. ಕೆಳಗಿಟ್ರೆ ಧೂಳಾಗತ್ತೆ."

ನಾನು ಅದನ್ನು ಮೂಸಿದೆ. ಬರೆಯಲು ಸಂಕೋಚವಾಗುತ್ತಿದೆ, ಆದರೆ ಮೂಸುವುದು ನನ್ನ ಕಸುಬು. ಮೊದಲು ಬಂದದ್ದು ನಾರುತೊ ಕಿತ್ತಳೆಯ ಕಹಿ. ಮುಸುಕಿನ ಮಡಿಕೆಯಲ್ಲಿ ಒಣಗಿದ ಸಿಪ್ಪೆಯೊಂದನ್ನು ಸಿಕ್ಕಿಸಿಕೊಳ್ಳುತ್ತೀರಿ, ಒಳಗೆ ಉಸಿರು ಕಟ್ಟದಿರಲೆಂದು. ಪ್ರತಿ ವಸಂತದಲ್ಲಿ ನಿಮ್ಮ ಹಿತ್ತಲಿನ ಮರದಿಂದ ನಮಗೆ ಬುಟ್ಟಿ ತುಂಬ ತಂದುಕೊಡುತ್ತೀರಲ್ಲ, ಅದೇ ಹಣ್ಣು. ಅದರ ಹಿಂದೆ ಉಡುಪಿನ ಪೆಟ್ಟಿಗೆಗಳ ಕರ್ಪೂರ, ಬಹಳ ತೆಳ್ಳಗೆ. ಅದರ ಹಿಂದೆ ಹಿನೋಕಿ ಮರ. ಗೊಂಬೆಯ ತೋಳಿನ ಕೋಲನ್ನು ನೀವೇ ಕೆತ್ತಿ ಉಜ್ಜುತ್ತೀರಿ, ಆ ಹೊಟ್ಟು ಬಟ್ಟೆಯ ನೂಲಿನೊಳಗೆ ಸೇರಿಹೋಗಿದೆ. ಎಲ್ಲದರ ಅಡಿಯಲ್ಲಿ ಬಿಸಿ, ಉಪ್ಪು, ಲಾವಂಚದ ಬೇರಿನಂಥ ಒಣ ಮಣ್ಣಿನ ಘಮ. ಅದು ನೀವೇ.

ಕೋಬೆಯಲ್ಲಿ ನನ್ನ ಗುರುಗಳು ಹೇಳುತ್ತಿದ್ದರು: ಒಂದು ಸುಗಂಧದಲ್ಲಿ ಮೊದಲು ಬರುವುದು ಆ ಮನುಷ್ಯನ ಮಾತು, ನಡುವೆ ಬರುವುದು ಅವನ ಅಭ್ಯಾಸ, ಸಂಜೆಯ ತನಕ ಉಳಿಯುವುದು ಅವನು ಒಬ್ಬನೇ ಇದ್ದಾಗ ಹೇಗಿರುತ್ತಾನೆ ಎಂಬುದು. ಮುಸುಕನ್ನು ಹಿಡಿದು ನಿಂತಾಗ ಮೂರೂ ಒಟ್ಟಿಗೆ ನನ್ನ ಕೈಯಲ್ಲಿದ್ದವು. ಕೈ ಮುಗಿಯಬೇಕು ಅನಿಸಲಿಲ್ಲ.

ನೀವು ಮರಳಿ ಬಂದಿರಿ. ಇಬ್ಬರೂ ಒಂದು ಹಾಸುಬಟ್ಟೆಯ ಎರಡು ತುದಿ ಹಿಡಿದು ಮಡಿಸುತ್ತಿದ್ದೆವು. ಆಗ ನೀವು ಬಟ್ಟೆಯನ್ನು ನೋಡುತ್ತಾ ಹೇಳಿದಿರಿ, "ನಮ್ಮ ಮನೆ ಸ್ನಾನದ ತೊಟ್ಟಿ ಹಿನೋಕಿದು. ಅಪ್ಪ ಮಾಡಿಸಿದ್ದು. ಒಬ್ಬನಿಗೆ ದೊಡ್ಡದು."

ನಾನು ಹೇಳಿದೆ, "ನೀರು ಕಡಿಮೆ ತುಂಬಿಸಿ."

"ಕಡಿಮೆ ತುಂಬಿಸಿದ್ರೆ ಮೇಲಿನ ಹಲಗೆ ಒಣಗತ್ತೆ. ಮರ ಬಿರಿಯತ್ತೆ."

"ಹಾಗಾದ್ರೆ ಪೂರ್ತಿ ತುಂಬಿಸಿ."

"ಹೂಂ," ಎಂದಿರಿ. "ಪೂರ್ತಿನೇ ತುಂಬಿಸ್ತೀನಿ. ಅದಕ್ಕೇ ಹೇಳಿದ್ದು."

ನಾವು ಬಟ್ಟೆಯನ್ನು ಇನ್ನೊಂದು ಸಲ ಮಡಿಸಿ ಪೆಟ್ಟಿಗೆಗೆ ಹಾಕಿದೆವು. ನಿಮಗೆ ನಮಸ್ಕಾರ ಹೇಳಿ ಬಸ್ಸು ಹತ್ತಿದೆ. ಬಸ್ಸು ಸುಮೊತೊ ದಾಟಿದ ಮೇಲೆ ನಿಮ್ಮ ಮಾತು ಅರ್ಥವಾಯಿತು: ಒಬ್ಬನಿಗೆ ದೊಡ್ಡದಾದ ತೊಟ್ಟಿ ಇಬ್ಬರಿಗೆ ಸರಿಹೋಗುತ್ತದೆ. ಬೇರೆಯವರ ಮುಂದೆ ಮುಖ ಕೆಂಪಾದದ್ದಕ್ಕೆ, ಸೆಖೆ ಎನ್ನುವಂತೆ ಕಿಟಕಿ ತೆರೆದೆ.

ಅಂದಿನಿಂದ ನೀವು ಆ ಮಾತನ್ನು ಮತ್ತೆ ಎತ್ತಿಲ್ಲ. ಸೆಪ್ಟೆಂಬರ್‌ನಲ್ಲಿ ಚೀಲಗಳ ರಸೀದಿಗೆ ಬಂದಾಗಲೂ ಹವಾಮಾನದ ಬಗ್ಗೆಯೇ ಮಾತಾಡಿದಿರಿ. ನಾನೂ ಹಾಗೇ. ನಿಮಗೆ ಉತ್ತರ ಕೊಡುವ ಮುಂಚೆ ನನ್ನ ಕೈ ಏನು ಹೇಳುತ್ತದೆ ಎಂದು ನನಗೆ ತಿಳಿಯಬೇಕಾಗಿತ್ತು. ಹಾಗಾಗಿ ಅಂದು ಫುಕುರಾದಿಂದ ಮನೆಗೆ ಬಂದವಳೇ ಕೆಲಸಕ್ಕೆ ಕೂತಿದ್ದೆ.

ಲವಂಗವನ್ನು ತೆಗೆದೆ. ದಾಲ್ಚಿನ್ನಿ ತೆಗೆದೆ. ಅವು ಹೋದ ಮೇಲೆ ಪೀಠ ತಾನಾಗಿ ಕೋಣೆಯಿಂದ ಹೊರಗೆ ಹೋಯಿತು. ರೋಜಾನ್ ಗಂಧವನ್ನು ಪೂರ್ತಿ ಬಿಡಲಿಲ್ಲ. ಬಹಳ ಕೆಳಗೆ, ಕಂಡೂ ಕಾಣದಷ್ಟು ಉಳಿಸಿಕೊಂಡೆ, ಯಾಕೆಂದರೆ ಮೂವತ್ತು ವರ್ಷ ನನ್ನ ಕೈಗಂಟಿದ ಘಮ ಅದು. ನಿಮ್ಮ ಜೊತೆ ಅದೂ ಸ್ವಲ್ಪ ಇರಲಿ ಅನಿಸಿತು. ಮೇಲೆ ನಾರುತೊ ಸಿಪ್ಪೆ, ಕರ್ಪೂರದ ಎಲೆ, ಒಂದಿಷ್ಟು ಲ್ಯಾವೆಂಡರ್. ನಡುವೆ ಹಿನೋಕಿ. ಅಡಿಯಲ್ಲಿ ಲಾವಂಚ. ಉಪ್ಪಿನ ಒಂದು ಎಳೆಗಾಗಿ ಆಗಸ್ಟ್ ಪೂರ್ತಿ ಹೆಣಗಿದೆ. ಹೆಚ್ಚಾದರೆ ಅದು ಮೀನುಗಾರ, ಕಡಿಮೆಯಾದರೆ ಬ್ಯಾಂಕಿನ ಗುಮಾಸ್ತ. ಒಂದು ಬೆಳಿಗ್ಗೆ ಅದು ಸರಿಯಾಗಿ ಕೂತಿತು. ಪಟ್ಟಿಯನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟು ಒಣಗುಮನೆಯ ಕಿಟಕಿ ಮುಚ್ಚಲು ಹೋದೆ.

ತಿರುಗಿ ಬಂದಾಗ ಅತ್ತೆ ಮೇಜಿನ ಮುಂದೆ ಕೂತಿದ್ದರು, ಪಟ್ಟಿ ಅವರ ಕೈಯಲ್ಲಿತ್ತು.

"ಇದು ಆ ಗೊಂಬೆಯವನಲ್ವಾ?" ಎಂದರು.

ನಾನು ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದೆ.

"ಮಾತಾಡ್ದೆ ಇದ್ರೆ ನನಗೆ ಗೊತ್ತಾಗಲ್ವಾ? ಎಂಬತ್ತು ದಾಟಿದ ಮೇಲೆ ನನಗೆ ಉಳಿದಿರೋದು ಮೂಗೊಂದೇ. ಬುಟ್ಟಿ ಹೊತ್ತು ತರ್ತಾನೆ, ಚಹಾ ಕುಡಿ ಅಂದ್ರೆ ನಿಂತೇ ಕುಡೀತಾನೆ, ಹೋಗೋವಾಗ ನಮ್ಮ ಅಂಗಳದ ಚಪ್ಪಲಿಗಳನ್ನೆಲ್ಲ ತಿರುಗಿಸಿ ಜೋಡಿಸಿ ಹೋಗ್ತಾನೆ. ಅವನೇ."

"ಇದು ಕಂಪನಿಯ ಕೆಲಸ ಅತ್ತೆ," ಎಂದೆ.

"ಹೌದೌದು. ಕಂಪನಿಯ ಕೆಲಸ." ಅವರು ಪಟ್ಟಿಯನ್ನು ಮತ್ತೊಮ್ಮೆ ಮೂಸಿದರು. ಬಹಳ ಹೊತ್ತು. "ನನ್ನ ಮಗನ ವಾಸನೆ ನನಗೆ ಗೊತ್ತು. ಇದು ಅವನದಲ್ಲ. ನೋಡೋಣ ಅಂತ ಹುಡುಕಿದೆ, ಎಲ್ಲೂ ಸಿಗಲಿಲ್ಲ." ಪಟ್ಟಿಯನ್ನು ಕೆಳಗಿಟ್ಟರು. "ಸಿಕ್ಕಿದ್ರೆ ಬೈತಿದ್ದೆ. ಒಬ್ಬನ ಅಂಗಿಯನ್ನ ಇನ್ನೊಬ್ಬನಿಗೆ ತೊಡಿಸಬಾರದು. ಸರಿಯಾಗೇ ಮಾಡಿದ್ದೀಯ."

ನಿಶಿಗಾಕಿ ಅಕ್ಟೋಬರ್‌ನಲ್ಲಿ ಬಂದು ಮೂಸಿದ. ಈ ಸಲ ಕೈ ಮುಗಿಯಲಿಲ್ಲ. ಆದರೆ ಸ್ವಲ್ಪ ಹೊತ್ತು ಸುತ್ತಮುತ್ತ ನೋಡಿದ, ಯಾರೋ ಬಂದರೇನೋ ಎಂಬಂತೆ. "ತುಂಬಾ ಚೆನ್ನಾಗಿದೆ," ಎಂದ. "ಆದ್ರೆ ಇವನು ಹಿಂದೆ ನಿಂತಿದ್ದಾನೆ ಮೇಡಂ. ಒಂದು ಹೆಜ್ಜೆ ಮುಂದೆ ತನ್ನಿ. ದೇವದಾರು ಸ್ವಲ್ಪ ಜಾಸ್ತಿ ಮಾಡಿ, ಎದೆ ಇನ್ನೊಂದಿಷ್ಟು ಅಗಲ ಆಗಲಿ."

"ಆಗಲ್ಲ," ಎಂದೆ. "ಇವನು ಮುಂದೆ ಬಂದ್ರೆ ಗೊಂಬೆ ಬಿದ್ದುಬಿಡತ್ತೆ."

"ಯಾವ ಗೊಂಬೆ?"

ನಾನು ಅಷ್ಟು ಗಟ್ಟಿಯಾಗಿ ಬೇಡ ಎಂದದ್ದನ್ನು ಈ ಮನೆಯ ಗೋಡೆಗಳು ಮೊದಲ ಸಲ ಕೇಳಿರಬೇಕು. ಅವನು ಗಲ್ಲ ಕೆರೆದುಕೊಂಡು, "ಟೋಕಿಯೋದವರದ್ದು ಸಿಡಿಲಿನ ಹಾಗಿದೆ. ಸೋತ್ರೆ ನನ್ನನ್ನ ಬೈಬೇಡಿ," ಎಂದ. ಅತ್ತೆ ಅವನ ಕೈಗೆ ಕಿತ್ತಳೆಯ ಮುರಬ್ಬದ ಡಬ್ಬಿ ಕೊಟ್ಟು, "ಬೈಯಲ್ಲ. ತಿನ್ನು. ನಿನ್ನ ಎದೆನೂ ಸ್ವಲ್ಪ ಅಗಲ ಆಗಲಿ," ಎಂದರು.

ನಿನ್ನೆ ತೀರ್ಪಿನ ದಿನ. ಒಸಾಕಾದ ಕಟ್ಟಡವೊಂದರ ಕೋಣೆಯಲ್ಲಿ ಉದ್ದ ಮೇಜು. ಅದರ ಸುತ್ತ ಯಾರು ಯಾರನ್ನೂ ಅರಿಯದ ಜನ. ಸುಗಂಧ ಮಾಡಿದವರು ಕಾಣಿಸಿಕೊಳ್ಳಬಾರದೆಂಬುದು ನಿಯಮ, ಆದ್ದರಿಂದ ನನ್ನನ್ನು ಪಕ್ಕದಲ್ಲಿ ಒಂದು ಪರದೆಯ ಹಿಂದೆ ಕೂರಿಸಿದರು. ನಾನು ಕಪ್ಪು ಉಡುಪು ಹಾಕಿದ್ದೆ. ಕೂತ ಮೇಲೆ ಅದು ನೆನಪಾಗಿ, ನೀವು ಪ್ರತಿದಿನ ಇರುವ ಜಾಗ ಇದೇ ಅಲ್ಲವೇ ಅನಿಸಿತು. ಇಲ್ಲಿಂದ ಜನರ ಮುಖ ಕಾಣುವುದಿಲ್ಲ, ಉಸಿರು ಮಾತ್ರ ಕೇಳಿಸುತ್ತದೆ.

ಮೊದಲು ಟೋಕಿಯೋದವರ ಪಟ್ಟಿಗಳನ್ನು ಹಂಚಿದರು. ಇವನು ಎಂಥವನು, ಹೇಳಿ ಎಂದು ನಿಶಿಗಾಕಿ ಕೇಳಿದ. ಉತ್ತರಗಳು ತಡವಿಲ್ಲದೆ ಬಂದವು. "ದುಡ್ಡಿರೋನು." "ಕಾರು ಕಪ್ಪು." "ಹಲ್ಲು ಬೆಳ್ಳಗಿದೆ, ಸ್ವಂತದ್ದಲ್ಲ." "ನಮ್ಮ ಹಳೇ ಮ್ಯಾನೇಜರ್ ಇದೇ ಹಾಕ್ತಿದ್ದ. ಅವನು ರಜೆ ಹಾಕಿದ ದಿನ ನಮಗೂ ರಜೆ ಇದ್ದ ಹಾಗೆ." ಎಲ್ಲರೂ ನಕ್ಕರು. ಆದರೂ ಒಳ್ಳೆಯ ಸುಗಂಧ ಎಂದು ಒಪ್ಪಿಕೊಂಡರು. ಒಳ್ಳೆಯದೇ ಆಗಿತ್ತು, ಪರದೆಯ ಹಿಂದೆಯೂ ಅದರ ಕುಶಲತೆ ಗೊತ್ತಾಗುತ್ತಿತ್ತು.

ಆಮೇಲೆ ನಮ್ಮ ಪಟ್ಟಿಗಳು. ಒಸಾಕಾದ ಜನ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ನನ್ನ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಈಗ ಯಾರಾದರೂ ಒಬ್ಬರು ಅಜ್ಜಿ ಎಂದರೆ, ಪೀಠ ಎಂದರೆ, ಇಷ್ಟು ತಿಂಗಳ ಕೆಲಸ ಅಲ್ಲಿಗೆ ಮುಗಿಯಿತು. ನನಗೆ ಬೇಕಾದ ಉತ್ತರವೂ ಸಿಕ್ಕಿದ ಹಾಗೆ.

ಒಬ್ಬ ಹುಡುಗಿ, ಧ್ವನಿಯಲ್ಲಿ ಕಾಲೇಜಿನವಳು, ಕೇಳಿದಳು, "ಇವನು ಎಲ್ಲಿದ್ದಾನೆ? ಮೊದಲು ಕಾಣಿಸಲಿಲ್ಲ. ಈಗ ಪಕ್ಕದಲ್ಲಿದ್ದಾನೆ."

"ಕೊಡೆ ತಂದಿರ್ತಾನೆ," ಎಂದಳು ಇನ್ನೊಬ್ಬಳು. "ಎರಡು."

"ಎರಡು ಯಾಕೆ?"

"ನೀನು ಮರೆತಿರ್ತೀಯ ಅಂತ."

"ಕೈ ಒರಟು," ಎಂದ ಒಬ್ಬ ಗಂಡಸು. "ಆದ್ರೆ ಸೂಜಿಗೆ ದಾರ ಪೋಣಿಸೋಕೆ ಬರತ್ತೆ."

ನಾನು ಪರದೆಯ ಹಿಂದೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ. ಇಸಾಮು ಅವರೇ, ನಾನು ಅವರಿಗೆ ಏನೂ ಹೇಳಿರಲಿಲ್ಲ. ಬಾಟಲಿಯ ಮೇಲೆ 'ಬಿ' ಎಂಬ ಒಂದಕ್ಷರ ಬಿಟ್ಟರೆ ಏನೂ ಇರಲಿಲ್ಲ.

ಟ್ಯಾಕ್ಸಿ ಓಡಿಸುವವರೊಬ್ಬರು ಹೇಳಿದರು, "ಇಂಥವರು ಅಪರೂಪಕ್ಕೆ ಹತ್ತುತ್ತಾರೆ. ದಾರಿಯಲ್ಲಿ ಮಾತಿಲ್ಲ. ಆದ್ರೆ ಇಳಿದ ಮೇಲೆ ಸೀಟು ಬೆಚ್ಚಗಿರತ್ತೆ, ಸ್ವಲ್ಪ ಹೊತ್ತು ಬೇರೆಯವರನ್ನ ಹತ್ತಿಸೋಕೆ ಮನಸ್ಸಾಗಲ್ಲ."

"ಮದುವೆ ಆಗಿದ್ಯಾ ಇವನಿಗೆ?" ಎಂದಳು ಕಾಲೇಜಿನವಳು.

"ನಿನಗೇನಕ್ಕೆ?" ಎಂದರು ಯಾರೋ. ಮತ್ತೆ ನಗು.

ಕೊನೆಗೆ ವಯಸ್ಸಾದ ಒಬ್ಬಾಕೆ. ಇದನ್ನು ನಿಮ್ಮ ಯಜಮಾನರಿಗೆ ಕೊಂಡುಕೊಳ್ಳುತ್ತೀರಾ ಎಂದು ನಿಶಿಗಾಕಿ ಕೇಳಿದ್ದಕ್ಕೆ ಆಕೆ ಹೇಳಿದರು, "ಅವರಿಗೆ ಬೇಡಪ್ಪ. ಅವರಿಗೆ ಹಾಕಿದ್ರೆ ಸುಳ್ಳು ಹೇಳಿದ ಹಾಗಾಗತ್ತೆ. ಅಳಿಯನಿಗೆ ತಗೋತೀನಿ. ಅವನಿನ್ನೂ ಚಿಕ್ಕವನು, ಕಲಿತರೂ ಕಲಿತಾನು."

ಯಾರೂ ಕೈ ಮುಗಿಯಲಿಲ್ಲ. ಯಾರಿಗೂ ಸತ್ತವರು ನೆನಪಾಗಲಿಲ್ಲ. ಮತದ ಚೀಟಿಗಳನ್ನು ಎಣಿಸುವ ಮುಂಚೆಯೇ ನನಗೆ ಗೊತ್ತಾಗಿಹೋಗಿತ್ತು. ಎಣಿಸಿದ ಮೇಲೆ ನಿಶಿಗಾಕಿ ಪರದೆ ಸರಿಸಿ ಬಂದ. ಅವನ ಮುಖ ಹೊಳೆಯುತ್ತಿತ್ತು. ಸೊಂಟದ ತನಕ ಬಾಗಿ, ಎದ್ದು, "ಹಿಂದೆ ನಿಂತೇ ಗೆದ್ದುಬಿಟ್ಟ," ಎಂದ. "ಚಿತ್ರ ಬದಲಾಯಿಸ್ತೀವಿ ಮೇಡಂ. ಆ ಬಂಡೆ, ಕೋಟು ಎರಡೂ ಬೇಡ. ನನಗೊಂದು ಮಾತ್ರ ಹೇಳಿ. ಇವನು ಯಾರು?"

"ನಮ್ಮ ದ್ವೀಪದವರು," ಎಂದೆ. "ಇದಾರೆ."

ಇದಾರೆ ಎಂಬ ಆ ಮಾತನ್ನು ಹೇಳಿದಾಗ ಆದ ಸಂತೋಷವನ್ನು ಬರೆಯಲು ನನಗೆ ಬರುವುದಿಲ್ಲ. ಹಿಂದಿರುಗುವ ಬಸ್ಸು ಸೇತುವೆಯ ಮೇಲೆ ಬಂದಾಗ ಕೆಳಗೆ ಇಡೀ ಜಲಸಂಧಿ ಬಿಸಿಲಿನಲ್ಲಿತ್ತು, ಹಡಗುಗಳು ಎರಡೂ ಕಡೆಗೆ ಹೋಗುತ್ತಿದ್ದವು, ಮತ್ತು ನಾನು ಐವತ್ತೆಂಟು ವರ್ಷದ ಹೆಂಗಸು, ಪಕ್ಕದ ಸೀಟಿನವರಿಗೆ ಕಾರಣ ಹೇಳದೆ ನಗುತ್ತಿದ್ದೆ.

ಇಂದು ಬೆಳಿಗ್ಗೆ ಅತ್ತೆ ನನಗಿಂತ ಮೊದಲೇ ಪೀಠದ ಮುಂದೆ ಕೂತಿದ್ದರು. ಬತ್ತಿ ಹಚ್ಚಿ, ಗಂಟೆ ಬಾರಿಸಿ, ಕಿವಿ ಮಂದವಾದವರಿಗೆ ಹೇಳುವಂತೆ ಗಟ್ಟಿಯಾಗಿ ಹೇಳಿದರು, "ತೆತ್ಸುಯಾ, ನಿನ್ನ ಹೆಂಡತಿ ಗೆದ್ದಳು. ಟೋಕಿಯೋದವರನ್ನ ಸೋಲಿಸಿದಳು. ಇನ್ನೊಂದು ವಿಷಯ ಇದೆ, ಅದನ್ನ ಅವಳೇ ಹೇಳ್ತಾಳೆ." ಎದ್ದು, ನನ್ನನ್ನು ನೋಡದೆ, ಬಾಗಿಲೆಳೆದುಕೊಂಡು ಹೊರಗೆ ಹೋದರು.

ನಾನು ಅವನಿಗೆ ಹೇಳಿದೆ. ಹೆಚ್ಚು ಹೊತ್ತು ಹಿಡಿಯಲಿಲ್ಲ. ತೆತ್ಸುಯಾ ಇದ್ದಾಗಲೂ ನನ್ನ ಮಾತು ಪೂರ್ತಿಯಾಗುವ ಮುಂಚೆಯೇ ಒಪ್ಪಿಕೊಳ್ಳುತ್ತಿದ್ದ.

ಹೊರಗೆ ಬಂದಾಗ ಅತ್ತೆ ಒಣಗಲಿಟ್ಟ ಬತ್ತಿಯ ಹಲಗೆಗಳನ್ನು ತಿರುಗಿಸುತ್ತಿದ್ದರು. "ಆ ಹಿನೋಕಿ ತೊಟ್ಟಿಯ ಕಥೆ ನನಗೂ ಗೊತ್ತು," ಎಂದರು. "ಬುಟ್ಟಿ ತಂದಾಗ ನನ್ನ ಹತ್ರವೂ ಹೇಳಿದ್ದ, ಒಬ್ಬನಿಗೆ ದೊಡ್ಡದು ಅಂತ. ಮುದುಕಿಯನ್ನ ಕರೀತಿದ್ದಾನೇನೋ ಅಂದ್ಕೊಂಡೆ." ಇನ್ನೊಂದು ಹಲಗೆ ತಿರುಗಿಸಿ, "ಕರೆದರೆ ನಾನೂ ಬರ್ತೀನಿ. ನಮ್ಮನೇದು ಪ್ಲಾಸ್ಟಿಕ್ಕು. ಅದರಲ್ಲಿ ಕೂತ್ರೆ ನಾನು ಉಪ್ಪಿನಕಾಯಿ ಆದ ಹಾಗನ್ಸತ್ತೆ."

ಆದ್ದರಿಂದ, ಇಸಾಮು ಅವರೇ, ನನ್ನ ನಿರ್ಧಾರ ಇದು. ಇದನ್ನು ಅಂಚೆಗೆ ಹಾಕುವುದಿಲ್ಲ. ಬರುವ ಬುಧವಾರ ನಿಮ್ಮ ರಂಗಮಂದಿರಕ್ಕೆ ರಜೆ. ಬೆಳಗಿನ ಬಸ್ಸಿನಲ್ಲಿ ಈ ಪತ್ರ ಮತ್ತು ಒಂದು ಸಣ್ಣ ಬಾಟಲಿ ತೆಗೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಮೊದಲು ಬಾಟಲಿ ಕೊಡುತ್ತೇನೆ. ನಿಮಗೆ ಗುರುತು ಸಿಗುವುದಿಲ್ಲ. ಯಾರಿಗೂ ತಮ್ಮ ಘಮ ತಮಗೇ ಗೊತ್ತಾಗುವುದಿಲ್ಲ. ನೀವು ಅದನ್ನು ಮೂಸಿ, ಚೆನ್ನಾಗಿದೆ, ಯಾರೋ ಒಳ್ಳೆಯ ಮನುಷ್ಯ ಇರಬೇಕು ಎನ್ನುತ್ತೀರಿ. ಆಗ ಪತ್ರ ಕೊಡುತ್ತೇನೆ. ನೀವು ಓದುವಷ್ಟು ಹೊತ್ತು ಹಿತ್ತಲಿಗೆ ಹೋಗಿ ಕಿತ್ತಳೆ ಮರ ನೋಡುತ್ತಾ ನಿಂತಿರುತ್ತೇನೆ. ಓದಿ ಮುಗಿಸಿದ ಮೇಲೆ ಏನೂ ಹೇಳಬೇಕಾಗಿಲ್ಲ. ತೊಟ್ಟಿಗೆ ನೀರು ಬಿಟ್ಟರೆ ಸಾಕು, ಆ ಸದ್ದು ಹಿತ್ತಲಿಗೆ ಕೇಳಿಸುತ್ತದೆ.

ಪೂರ್ತಿ ತುಂಬಿಸಿ. ಮರ ಬಿರಿಯಬಾರದು.

ಗಾಳಿ ತಿರುಗುತ್ತಿದೆ, ಕಿಟಕಿಗಳನ್ನು ನೋಡಬೇಕು. ಬುಧವಾರದ ತನಕ ನಿಮ್ಮ ಎಡಗೈ ಹಗುರವಾಗಿರಲಿ, ಮುಸುಕಿನ ಒಳಗೆ ಉಸಿರಿಗೆ ಸುಖವಿರಲಿ.

ನಿಮ್ಮ,
ನಮಿಯೆ